ಧ್ವನಿಮುದ್ರಿಕೆಗಳ ಸಂಗ್ರಹವೂ ಇತಿಹಾಸದ ಆಕರವೂ: ಉತ್ತರ ಇಂಗ್ಲೆಂಡಿನ ಒಂದು ನಿದರ್ಶನ

ಇತಿಹಾಸದ ಆಕರಗಳನ್ನು ಕುರಿತು ವಿಚಾರಮಾಡುವಾಗ ನಾವು ಸಾಮಾನ್ಯವಾಗಿ ಶಾಸನ, ನಾಣ್ಯ, ಕಡತ, ಓಲೆಗರಿಗಳನ್ನು ನೆನೆಯುತ್ತೇವೆ. ಇವುಗಳಲ್ಲಿ ಅನೇಕವು ಉಳಿಯಬೇಕೆಂದೇ ನಿರ್ಮಿತವಾದುವು. ಇಪ್ಪತ್ತನೆಯ ಶತಮಾನವಾದರೋ ಕೆಲವು ವಾರ ಮಾರಾಟವಾಗಿ ಮರೆಯಾಗತಕ್ಕ ವಸ್ತುಗಳನ್ನು ಅಪಾರ ಸಂಖ್ಯೆಯಲ್ಲಿ ಉತ್ಪಾದಿಸಿತು. ಗ್ರಾಮಫೋನ್ ತಟ್ಟೆಯು ಅಂಥವುಗಳಲ್ಲೊಂದು. ಇಂಥ ವಸ್ತುವನ್ನು ಉಳಿಸುವವರು ಯಾರು, ಯಾವ ಕಾರಣದಿಂದ ಉಳಿಸುತ್ತಾರೆ, ಹಾಗೆ ಉಳಿದುದನ್ನು ಇತಿಹಾಸಕಾರನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗಳನ್ನು ಒಂದು ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆಫ್ರಿಕ ಮೂಲದ ಅಮೆರಿಕನ್ನರು 1960ರ ದಶಕದಲ್ಲಿ ಹಾಡಿದ ‘ಸೋಲ್’ ಗೀತೆಗಳ ತಟ್ಟೆಗಳನ್ನು ಉತ್ತರ ಇಂಗ್ಲೆಂಡಿನ ಶ್ರಮಿಕ ವರ್ಗದ ತರುಣರು ಸಂಗ್ರಹಿಸಿದ ವೃತ್ತಾಂತವೇ ಆ ನಿದರ್ಶನ.

ಆರ್‌ಸಿಎ ವಿಕ್ಟರ್ ಸಂಸ್ಥೆಯು 1949ರಲ್ಲಿ 7 ಅಂಗುಲ ವ್ಯಾಸದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಮಗ್ಗುಲಿಗೊಂದು ಹಾಡಿನಂತೆ ಎರಡು ಹಾಡು ಹಿಡಿಸುವ ಈ ತಟ್ಟೆಯನ್ನು ಅಲ್ಪ ಬಂಡವಾಳದಿಂದಲೂ ಹೊರತರಬಹುದಾಗಿತ್ತು. ಬೆರಿ ಗೋರ್ಡಿಯು 1959ರಲ್ಲಿ ತನ್ನ ಕುಟುಂಬದಿಂದ 800 ಡಾಲರು ಸಾಲ ಪಡೆದು ಡೆಟ್ರಾಯ್ಟ್ ನಗರದಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಮೋಟೌನ್ ಎಂದು ಜಗತ್ಪ್ರಸಿದ್ಧವಾಯಿತು. ಅದರ ಯಶಸ್ಸನ್ನು ಕಂಡು ಡೆಟ್ರಾಯ್ಟ್, ಷಿಕಾಗೊ, ಫಿಲಡೆಲ್ಫಿಯ, ಲಾಸ್ ಏಂಜಲಿಸ್‌ಗಳಲ್ಲಿ ಅನೇಕ ಸಣ್ಣ ಸಂಸ್ಥೆಗಳು ಅದೇ ಬಗೆಯ ಗೀತೆಗಳನ್ನು ಮುದ್ರಿಸಿದುವು. ರೇಡಿಯೊದಲ್ಲಿ ಪ್ರಸಾರವಾಗದ ತಟ್ಟೆಗೆ ಗಿರಾಕಿಯಿಲ್ಲ. ಹೀಗಾಗಿ ಬಹುಪಾಲು ತಟ್ಟೆಗಳು ಮಾರಾಟವಾಗದೆ ಉಗ್ರಾಣ ಸೇರಿದುವು.

ಇವನ್ನು ಸಂರಕ್ಷಿಸುವ ಹೊಣೆ ಯಾರ ಮೇಲೂ ಇರಲಿಲ್ಲವೆಂಬುದು ಗಮನಾರ್ಹ. 1972ರ ಫೆಬ್ರವರಿ 15ಕ್ಕೆ ಮುಂಚಿನ ಧ್ವನಿಮುದ್ರಣಗಳಿಗೆ ಅಮೆರಿಕದ ಕೇಂದ್ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿರಲಿಲ್ಲ. ಗೀತದ ಸಾಹಿತ್ಯಕ್ಕೂ ಸ್ವರಪ್ರಸ್ತಾರಕ್ಕೂ ಮಾತ್ರ ಅದು ಲಭಿಸುತ್ತಿತ್ತು. ಆದುದರಿಂದ ಪುಸ್ತಕದ ಪ್ರತಿಯು ರಾಷ್ಟ್ರೀಯ ಗ್ರಂಥಾಲಯವನ್ನು ಸೇರುವಂತೆ ತಟ್ಟೆಯ ಪ್ರತಿಯು ಸೇರುವ ಕ್ರಮವಿರಲಿಲ್ಲ. ಇದರ ಫಲವೇನೆಂಬುದಕ್ಕೆ ಜೋ ವಾನ್ ಬ್ಯಾಟಲ್‌ನ ಅಂಗಡಿಯೇ ಸಾಕ್ಷಿ. ಡೆಟ್ರಾಯ್ಟಿನ ಹೇಸ್ಟಿಂಗ್ಸ್ ಬೀದಿಯಲ್ಲಿ ತಟ್ಟೆಗಳನ್ನು ಮಾರುತ್ತ, ಪಾದ್ರಿ ಸಿ. ಎಲ್. ಫ್ರ್ಯಾಂಕ್ಲಿನ್‌ನ ಧರ್ಮೋಪದೇಶಗಳನ್ನೂ ಆತನ ಮಗಳು ಅರೀಥಾಳ ಬಾಲ್ಯದ ಹಾಡುಗಳನ್ನೂ ಮೊದಲು ಮುದ್ರಿಸಿಕೊಂಡವನು ಈತ. ಹೆದ್ದಾರಿಗಾಗಿ ಆ ಬೀದಿಯನ್ನು ಕೆಡವಿದಾಗ ಅಂಗಡಿಯು ಹನ್ನೆರಡನೆಯ ಬೀದಿಗೆ ಹೋಯಿತು. 43 ಜನರನ್ನು ಬಲಿತೆಗೆದುಕೊಂಡ 1967ರ ಜುಲೈ ದಂಗೆಯಲ್ಲಿ ಅದು ನಾಶವಾಯಿತು. ಅದರೊಡನೆ ಧ್ವನಿಸುರುಳಿಗಳೂ ಹೋದುವು. ಒಂದು ಸಮುದಾಯದ ಕಂಠವೇ ಅಷ್ಟರಮಟ್ಟಿಗೆ ಅಳಿಸಿಹೋಯಿತೆಂದರೆ ಅತಿಶಯೋಕ್ತಿಯಾಗದು. ಮೋಟೌನ್ ಕೂಡ 1972ರಲ್ಲಿ ಡೆಟ್ರಾಯ್ಟನ್ನು ತೊರೆದು ಲಾಸ್ ಏಂಜಲಿಸ್‌ಗೆ ತೆರಳಿತು.

ಇತ್ತ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1963ರಲ್ಲಿ ಆರಂಭವಾದ ಟ್ವಿಸ್ಟೆಡ್ ವ್ಹೀಲ್ ಎಂಬ ಕ್ಲಬ್ಬಿನಲ್ಲಿ ತರುಣರು ರಾತ್ರಿಯಿಡೀ ಈ ಗೀತೆಗಳಿಗೆ ಕುಣಿಯುತ್ತಿದ್ದರು. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ಅಂಗಡಿಯನ್ನು ನಡೆಸುತ್ತಿದ್ದ ಡೇವ್ ಗಾಡಿನ್, ಉತ್ತರದಿಂದ ಬರುವ ಗಿರಾಕಿಗಳ ಅಭಿರುಚಿಯು ಭಿನ್ನವಾಗಿರುವುದನ್ನು ಗಮನಿಸಿ, ಅದಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟು 1970ರಲ್ಲಿ ಪತ್ರಿಕಾಲೇಖನದಲ್ಲಿ ಬಳಸಿದನು. ಆ ಭೇದದ ಸ್ವರೂಪವಿಷ್ಟು: ಜೇಮ್ಸ್ ಬ್ರೌನ್ 1967ರಲ್ಲಿ ‘ಕೋಲ್ಡ್ ಸ್ವೆಟ್’ ಎಂಬ ಗೀತೆಯನ್ನು ಹೊರತಂದ ಮೇಲೆ ಅಮೆರಿಕದ ಸಂಗೀತವು ರಾಗಕ್ಕಿಂತ ಲಯಕ್ಕೆ ಪ್ರಾಧಾನ್ಯ ಕೊಡುವ ‘ಫಂಕ್’ ಶೈಲಿಯತ್ತ ಸಾಗಿತು. ಉತ್ತರದವರು 1960ರ ದಶಕದ ಮಧ್ಯಭಾಗದ ಚುರುಕು ನಡೆಯ ಗೀತೆಗಳನ್ನೇ ಹಿಡಿದು ನಿಂತರು. ಅಭಿರುಚಿಯು ಮುಗಿದುಹೋದ ಕಾಲವೊಂದಕ್ಕೆ ಕಟ್ಟುಬಿದ್ದಾಗ ಹೊಸ ಸರಕು ಉತ್ಪನ್ನವಾಗಲಾರದು; ಹಳೆಯದನ್ನು ಅಗೆದು ತೆಗೆಯುವುದೊಂದೇ ಮಾರ್ಗ. ಸಂಗ್ರಹಕಾರ್ಯದ ಮೂಲಕಾರಣವು ಇಲ್ಲಿದೆ.

ಬ್ಲ್ಯಾಕ್‌ಪೂಲಿನ ಇಯಾನ್ ಲೆವೀನ್ ಮಯಾಮಿ ಪ್ರವಾಸಗಳಲ್ಲಿ ರಾಶಿರಾಶಿ ಹಳೆಯ ತಟ್ಟೆಗಳನ್ನು ಕೊಂಡುತಂದನು. ಟ್ಯಾಮ್ಸ್ ತಂಡದ 1964ರ ಗೀತೆಯೊಂದು ಪುನರ್ಮುದ್ರಣಗೊಂಡು 1971ರಲ್ಲಿ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆಯಿತು. ವಿಗನ್ ಪಟ್ಟಣದ ಕ್ಯಾಸಿನೊ ಭವನದಲ್ಲಿ 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ, ಮಧ್ಯರಾತ್ರಿಯ ಅನಂತರ ಆರಂಭವಾಗಿ ಬೆಳಗಿನ 8 ಗಂಟೆಗೆ ಮುಗಿಯುವ ಕೂಟಗಳು ನಡೆದುವು. ಬ್ಲ್ಯಾಕ್‌ಪೂಲಿನ ಮೆಕ್ಕಾ ಭವನವು ಕ್ರಮೇಣ ಹೊಸ ಫಂಕ್ ಗೀತೆಗಳನ್ನೂ ಸ್ವೀಕರಿಸಿದಾಗ ಅಭಿಮಾನಿಗಳಲ್ಲಿ ಒಡಕುಂಟಾಯಿತು.

ಈ ಸ್ಪರ್ಧೆಯಿಂದ ಎರಡು ಅನಿಷ್ಟಗಳು ತಲೆದೋರಿದುವು. ಮೊದಲನೆಯದು ಗೋಪನ. ಅಪೂರ್ವ ತಟ್ಟೆಯನ್ನು ಕಂಡುಕೊಂಡವನು ಅದರ ಚೀಟಿಯ ಮೇಲೆ ಕಾಗದ ಅಂಟಿಸಿ, ಗಾಯಕನಿಗೆ ಸುಳ್ಳು ಹೆಸರು ಕೊಟ್ಟು ನುಡಿಸುತ್ತಿದ್ದನು. ಎರಡನೆಯದು ಕೂಟಮುದ್ರಣ. ಬೇಡಿಕೆಯುಳ್ಳ ತಟ್ಟೆಯ ನಕಲನ್ನು ಅನುಮತಿಯಿಲ್ಲದೆ ಅಚ್ಚುಹಾಕಿ ಮೂಲವೆಂದು ಮಾರುವುದು ಸಾಮಾನ್ಯವಾಯಿತು. ಇದನ್ನೆದುರಿಸಲು ಸಂಗ್ರಾಹಕರು ಪರೀಕ್ಷಾಕ್ರಮವೊಂದನ್ನು ಬೆಳೆಸಿಕೊಂಡರು. ಹಾಡು ಮುಗಿದ ಬಳಿಕ ಚೀಟಿಯವರೆಗಿರುವ ಬರಿಯ ಭಾಗದಲ್ಲಿ ಕೊರೆದ ಅಚ್ಚಿನ ಸಂಖ್ಯೆ, ಚೀಟಿಯ ಅಕ್ಷರ ಮತ್ತು ಬಣ್ಣ, ತಟ್ಟೆಯ ದ್ರವ್ಯವು ವಿನೈಲೋ ಪಾಲಿಸ್ಟೈರೀನೋ ಎಂಬುದು—ಇವು ಅವರ ಪ್ರಮಾಣಗಳು. ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟರು ಕೂಟವೆಂದು ಸಾರಿದಾಗ ನಡೆದ ಚರ್ಚೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಕ್ರಮವು ಅಪರಿಚಿತವೆನಿಸದು. ವಿಶ್ವವಿದ್ಯಾನಿಲಯದ ನೆರಳು ಸೋಕದ ಜನರು ಅವಶ್ಯಕತೆಯಿಂದಲೇ ಆಕರಪರೀಕ್ಷೆಯ ಶಾಸ್ತ್ರವನ್ನು ರೂಪಿಸಿಕೊಂಡರೆಂಬುದು ಮನನೀಯ.

ಈ ಎಲ್ಲ ಅಂಶಗಳೂ ಒಂದೇ ತಟ್ಟೆಯಲ್ಲಿ ಕೂಡಿಬಂದಿವೆ. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನಿನ ಅಂಗಸಂಸ್ಥೆಗಾಗಿ ‘ಡು ಐ ಲವ್ ಯೂ’ ಎಂಬ ಗೀತೆಯನ್ನು ಹಾಡಿದನು. ಆತನು ಗಾಯನಕ್ಕಿಂತ ನಿರ್ಮಾಪಕ ವೃತ್ತಿಯನ್ನೇ ಆರಿಸಿಕೊಂಡುದರಿಂದ ತಟ್ಟೆಯ ಬಿಡುಗಡೆ ನಿಂತು, ಬಹುತೇಕ ಪ್ರತಿಗಳು ನಾಶವಾದುವು. ಉಳಿದ ಪ್ರತಿಯೊಂದರಿಂದ ಹೊರಬಿದ್ದ ಗೀತೆಯು ಇಂಗ್ಲೆಂಡಿನಲ್ಲಿ ಮೊದಲು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬನ ಹೆಸರಿನಲ್ಲಿ ಪ್ರಚಾರಗೊಂಡಿತು. 1979ರಲ್ಲಿ ಅಧಿಕೃತವಾಗಿ ಪ್ರಕಟವಾಯಿತು. 2009ರಲ್ಲಿ ಮೂಲಪ್ರತಿಯೊಂದು 25,742 ಪೌಂಡುಗಳಿಗೆ ಮಾರಾಟವಾಯಿತು. ಹಳೆಯ ತಟ್ಟೆಯು ಕೈಬದಲಾದಾಗ ಹಾಡಿದವನಿಗೆ ಅದರಲ್ಲಿ ಪಾಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು.

ಹಾಗಾದರೆ ಈ ಸಂಗ್ರಹವನ್ನು ಇತಿಹಾಸಕಾರನು ಹೇಗೆ ಬಳಸಬೇಕು? ವಿಗನ್ನಿನವರು ಆಯ್ದುಕೊಂಡುದು ತಮ್ಮ ಕುಣಿತಕ್ಕೊಪ್ಪುವುದನ್ನು. ನಿಧಾನಗತಿಯ ಶೋಕಗೀತೆಗಳು, ಭಕ್ತಿಗೀತೆಗಳು, ಧರ್ಮೋಪದೇಶಗಳು ಅವರ ಜರಡಿಯಲ್ಲಿ ನಿಲ್ಲಲಿಲ್ಲ. ಆದುದರಿಂದ ಈ ಸಂಗ್ರಹವು 1965ರ ಡೆಟ್ರಾಯ್ಟನ್ನು ತೋರುವುದಕ್ಕಿಂತ ಹೆಚ್ಚಾಗಿ 1975ರ ಲ್ಯಾಂಕಷೈರನ್ನು ತೋರುತ್ತದೆ. ಅಪೂರ್ವತೆಯು ಶ್ರೇಷ್ಠತೆಗೆ ಪ್ರಮಾಣವಲ್ಲ. ಬೆಲೆಯು ಮಹತ್ತ್ವಕ್ಕೆ ಅಳತೆಯಲ್ಲ. ಉತ್ತರದ ಅಭಿರುಚಿಗೆ ಹೆಸರು ಕೊಟ್ಟ ಗಾಡಿನ್‌ನೇ 1997ರಿಂದ, ಆ ಅಭಿರುಚಿಯ ಹೊರಗುಳಿದ ಗಂಭೀರ ಗೀತೆಗಳ ಸಂಕಲನಗಳನ್ನು ಹೊರತಂದುದು ಈ ಕೊರತೆಯನ್ನೇ ಸೂಚಿಸುತ್ತದೆ.

ಆದರೂ ಸಂಗ್ರಾಹಕರ ಉಪಕಾರವನ್ನು ಅಲ್ಲಗಳೆಯಲಾಗದು. ಏಸ್ ಸಂಸ್ಥೆಯ ಕೆಂಟ್ ಶಾಖೆಯು 1982ರಿಂದ ಮೂಲ ಸುರುಳಿಗಳನ್ನು ಹುಡುಕಿ, ಹಕ್ಕುದಾರರ ಅನುಮತಿ ಪಡೆದು, ಗಾಯಕರ ವೃತ್ತಾಂತಗಳೊಡನೆ ಈ ಗೀತೆಗಳನ್ನು ಪ್ರಕಟಿಸಿತು. ಗೋಪನವು ಪ್ರಕಟಣೆಯಾಗಿ, ಸುಳ್ಳು ಹೆಸರು ನಿಜವಾದ ಹೆಸರಾಗಿ ಪರಿಣಮಿಸಿದಾಗಲೇ ಸಂಗ್ರಹವು ಆಕರವಾಯಿತೆನ್ನಬೇಕು. ಮಾರುಕಟ್ಟೆಯು ಎಸೆದುದನ್ನೂ ಕಾಯಿದೆಯು ಕಡೆಗಣಿಸಿದುದನ್ನೂ ಕುಣಿಯಬಂದ ಕಾರ್ಮಿಕ ತರುಣರು ಎತ್ತಿಟ್ಟುಕೊಂಡರು. ಹಾಡಿದವರು ಯಾರು, ಅವರಿಗೆ ಸಂದುದೇನು ಎಂದು ಕೇಳುವ ಕರ್ತವ್ಯವು ಮಾತ್ರ ಇತಿಹಾಸಕಾರನದು.