ಬುಲ್‌ಡಾಗ್ ಸಾಕಿದ್ದೀರಾ? ಉಸಿರಾಟ, ಬಿಸಿಲು, ಚರ್ಮದ ಬಗ್ಗೆ ಇವಿಷ್ಟು ಗೊತ್ತಿರಲಿ

ಒಂದು ಕಾಲಕ್ಕೆ ದೊಡ್ಡ ನಗರಗಳಲ್ಲಷ್ಟೇ ಕಾಣುತ್ತಿದ್ದ ಬುಲ್‌ಡಾಗ್ ಈಗ ತಾಲ್ಲೂಕು ಕೇಂದ್ರಗಳ ಮನೆ, ಅಂಗಡಿಗಳಿಗೂ ಬಂದಿದೆ. ಸುಕ್ಕು ಮುಖ, ಗಿಡ್ಡ ಕಾಲು, ಶಾಂತ ಸ್ವಭಾವ. ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತೆ, ಸುಮ್ಮಸುಮ್ಮನೆ ಬೊಗಳಲ್ಲ. ಆದರೆ ನಾಟಿ ನಾಯಿ ಸಾಕಿದ ಹಾಗೆ ಇದನ್ನು ಸಾಕೋಕೆ ಆಗಲ್ಲ. ಇದರ ದೇಹದ ಆಕಾರವೇ ಬಹುತೇಕ ತೊಂದರೆಗಳಿಗೆ ಮೂಲ.

ಇದು ಇಂಗ್ಲೆಂಡ್ ಮೂಲದ ತಳಿ. ಹೋರಿಗಳ ಮೇಲೆ ನಾಯಿ ಛೂ ಬಿಡುವ ಪಂದ್ಯಕ್ಕೆ ಇದನ್ನು ಬಳಸುತ್ತಿದ್ದರು. 1835ರಲ್ಲಿ ಅಲ್ಲಿ ಆ ಪಂದ್ಯ ನಿಷೇಧವಾಯಿತು. ಆಮೇಲೆ ಮನೆ ನಾಯಿಯಾಗಿ, ಪ್ರದರ್ಶನದ ನಾಯಿಯಾಗಿ ಬೆಳೆಸುತ್ತಾ ಹೋದಂತೆ ಮೂತಿ ಇನ್ನಷ್ಟು ಚಪ್ಪಟೆಯಾಯಿತು, ತಲೆ ದಪ್ಪಗಾಯಿತು. ದೊಡ್ಡ ಗಂಡು ನಾಯಿ ಸುಮಾರು 25 ಕೆ.ಜಿ. ತೂಗುತ್ತದೆ. ಇದರ ಸಂಬಂಧಿ ಫ್ರೆಂಚ್ ಬುಲ್‌ಡಾಗ್, ಜಾಹೀರಾತಿನಿಂದ ಮನೆಮಾತಾದ ಪಗ್ ನಾಯಿಗಳಿಗೂ ಕೆಳಗಿನ ಮಾತುಗಳು ಅನ್ವಯಿಸುತ್ತವೆ.

ಗೊರಕೆ ಅಂದರೆ ಆರಾಮ ಅಲ್ಲ

ಮೂತಿ ಗಿಡ್ಡವಾದರೂ ಒಳಗಿನ ಮಾಂಸ, ಅಂಗುಳು ಅದಕ್ಕೆ ತಕ್ಕಂತೆ ಚಿಕ್ಕದಾಗಿಲ್ಲ. ಮೂಗಿನ ಹೊಳ್ಳೆ ಕಿರಿದು, ಅಂಗುಳು ಉದ್ದ. ಹೀಗಾಗಿ ಗಾಳಿ ಹೋಗುವ ದಾರಿ ಅರ್ಧಂಬರ್ಧ ಮುಚ್ಚಿರುತ್ತೆ. ಗೊರಗೊರ ಸದ್ದನ್ನು ಕೇಳಿ ‘ಈ ಜಾತಿ ನಾಯಿ ಹಾಗೇನೇ’ ಅಂತ ಸುಮ್ಮನಾಗುವವರೇ ಜಾಸ್ತಿ. ನಾಲ್ಕು ಹೆಜ್ಜೆ ನಡೆದರೂ ಏದುಸಿರು, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದೇಳುವುದು, ತಿಂದದ್ದನ್ನು ಪದೇ ಪದೇ ಕಕ್ಕುವುದು, ನಾಲಿಗೆ ನೀಲಿಗಟ್ಟುವುದು ಕಂಡರೆ ಪಶುವೈದ್ಯರಿಗೆ ತೋರಿಸಲೇಬೇಕು. ಹೊಳ್ಳೆ ಅಗಲ ಮಾಡುವ, ಅಂಗುಳು ಕಡಿಮೆ ಮಾಡುವ ಶಸ್ತ್ರಚಿಕಿತ್ಸೆ ಇದೆ. ಕುತ್ತಿಗೆಗೆ ಬೆಲ್ಟ್ ಬಿಗಿದು ಎಳೆಯುವ ಬದಲು ಎದೆಗೆ ಹಾಕುವ ಪಟ್ಟಿ ಬಳಸಬೇಕು.

ಬಿಸಿಲೇ ದೊಡ್ಡ ಶತ್ರು

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಮೈ ತಣ್ಣಗೆ ಮಾಡಿಕೊಳ್ಳುವ ಮುಖ್ಯ ದಾರಿ. ಬುಲ್‌ಡಾಗ್‌ಗೆ ಆ ದಾರಿಯೇ ಕಿರಿದು. ರಾಯಚೂರು, ಕಲಬುರಗಿ, ಬಳ್ಳಾರಿಯಂಥ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಅಂಥ ಹೊತ್ತಲ್ಲಿ ಅಂಗಡಿ ಮುಂದಿನ ಶೀಟಿನ ಕೆಳಗೆ ಕಟ್ಟುವುದು, ಕಿಟಕಿ ಏರಿಸಿದ ಕಾರಲ್ಲಿ ‘ಎರಡೇ ನಿಮಿಷ’ ಅಂತ ಬಿಟ್ಟು ಹೋಗುವುದು ಜೀವಕ್ಕೇ ಕುತ್ತು. ಸುತ್ತಾಡಿಸುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ ಅಥವಾ ಕತ್ತಲಾದ ಮೇಲೆ. ಡಾಂಬರು ರಸ್ತೆ ಕೈ ಹಿಂಭಾಗಕ್ಕೆ ಸುಟ್ಟರೆ ನಾಯಿ ಪಾದಕ್ಕೂ ಸುಡುತ್ತೆ.

ನಾಯಿಯ ಸಹಜ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿಗೆ ಬಳಲಿ 104 ದಾಟಿದರೆ ಅದು ತುರ್ತು ಸ್ಥಿತಿ. ಜೋರು ತೇಕು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಟ, ವಾಂತಿ ಇದರ ಲಕ್ಷಣ. ಆಗ ಮಾಡಬೇಕಾದ್ದು ಇಷ್ಟು:

1. ಕೂಡಲೇ ನೆರಳಿಗೆ ತಂದು ಮೈಮೇಲೆ ನೀರು ಸುರಿಯಬೇಕು. ಹೊಟ್ಟೆ, ತೊಡೆಸಂದು ಚೆನ್ನಾಗಿ ನೆನೆಯಲಿ. ಮೂಗು, ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು.
2. ಫ್ಯಾನ್ ಹಾಕಬೇಕು. ಒದ್ದೆ ಗೋಣಿಚೀಲ ಹೊದಿಸಿ ಬಿಡಬಾರದು, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತೆ.
3. ಪ್ರಜ್ಞೆ ಇದ್ದರೆ ತಾನಾಗಿ ಕುಡಿಯುವಷ್ಟು ನೀರು ಇಡಬೇಕು. ಬಲವಂತವಾಗಿ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ.
4. ಸ್ವಲ್ಪ ತಣ್ಣಗಾದ ಮೇಲೆ, ಎದ್ದು ಓಡಾಡಿದರೂ ಸರಿ, ಪಶು ಆಸ್ಪತ್ರೆಗೆ ಒಯ್ಯಬೇಕು. ಒಳಗೆ ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಹೊರಗೆ ಕಾಣಲ್ಲ.

ಸುಕ್ಕು, ಬಾಲ, ಕಣ್ಣು

ಮುಖದ ಮಡಿಕೆಯಲ್ಲಿ ಕಣ್ಣೀರು, ಜೊಲ್ಲು, ಊಟದ ಚೂರು ಸೇರಿ ಹುಣ್ಣಾಗುತ್ತೆ, ವಾಸನೆ ಬರುತ್ತೆ. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ತೇವ ತೆಗೆಯಬೇಕು. ಒರೆಸುವುದಕ್ಕಿಂತ ಒಣಗಿಸುವುದೇ ಮುಖ್ಯ. ತಿರುಚಿದ ಗಿಡ್ಡ ಬಾಲದ ಬುಡವನ್ನು ಮರೆಯಬಾರದು. ಕಣ್ಣಿನ ಒಳಮೂಲೆಯಲ್ಲಿ ಚೆರ್ರಿ ಹಣ್ಣಿನಂಥ ಕೆಂಪು ಗಂಟು ಕಂಡರೆ ಅದು ಜಾಗ ಬಿಟ್ಟ ಕಣ್ಣೀರಿನ ಗ್ರಂಥಿ. ಬೆರಳಲ್ಲಿ ಒತ್ತುವುದು, ಮೆಡಿಕಲ್ ಸ್ಟೋರ್‌ನ ಡ್ರಾಪ್ಸ್ ತಾವಾಗೇ ಹಾಕುವುದು ಬೇಡ.

ತೂಕ, ಊಟ, ನೀರು

ದಪ್ಪಗಾದಷ್ಟೂ ಉಸಿರು ಕಷ್ಟ, ಸೊಂಟ-ಮೊಣಕಾಲಿಗೂ ಭಾರ. ಅಂಗಡಿಗೆ ಬಂದವರೆಲ್ಲ ಒಂದೊಂದು ಬಿಸ್ಕತ್ತು ಹಾಕಿದರೆ ಸಂಜೆಗೆ ಒಂದು ಪ್ಯಾಕೆಟ್ ಆಗಿಬಿಡುತ್ತೆ. ಕೈಯಾಡಿಸಿದಾಗ ಪಕ್ಕೆಲುಬು ಸಿಗುವಂತಿದ್ದರೆ ತೂಕ ಸರಿ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಜ್ವರ, ನೋವಿಗೆ ಮನುಷ್ಯರ ಮಾತ್ರೆ ಕೊಡಲೇಬಾರದು. ತಲೆ ಭಾರ, ಕಾಲು ಗಿಡ್ಡ ಆದ್ದರಿಂದ ಹೆಚ್ಚಿನ ಬುಲ್‌ಡಾಗ್‌ಗಳು ಈಜಲಾರವು. ಕೆರೆ, ಬಾವಿ, ತೆರೆದ ನೀರಿನ ತೊಟ್ಟಿ ಹತ್ತಿರ ಜೋಪಾನ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಉಣ್ಣೆಗೆ ಔಷಧ ಬೇರೆ ನಾಯಿಗಳಂತೆ ಇದಕ್ಕೂ ಬೇಕು.

ಮರಿ ಮಾಡಿಸುವ ಮುನ್ನ, ಕೊಳ್ಳುವ ಮುನ್ನ

ಮರಿಗಳ ತಲೆ ದಪ್ಪ, ತಾಯಿಯ ಸೊಂಟ ಕಿರಿದು. ಹೀಗಾಗಿ ಬುಲ್‌ಡಾಗ್ ಹೆರಿಗೆ ಬಹುತೇಕ ಸಿಸೇರಿಯನ್. ಇವಕ್ಕೆ ಅರಿವಳಿಕೆಯೂ ಅಪಾಯದ್ದೇ. ರಾತ್ರಿ ಹೊತ್ತು ಸಿಸೇರಿಯನ್ ಮಾಡುವ ವೈದ್ಯರು ಹತ್ತಿರದಲ್ಲಿ ಎಲ್ಲಿದ್ದಾರೆ ಅಂತ ಮೊದಲೇ ಖಚಿತ ಮಾಡಿಕೊಳ್ಳದೆ, ಮರಿ ಮಾರಿ ದುಡ್ಡು ಮಾಡೋಣ ಅಂತ ಹೊರಟರೆ ತಾಯಿ, ಮರಿ ಎರಡನ್ನೂ ಕಳೆದುಕೊಳ್ಳಬೇಕಾಗುತ್ತೆ. ಕೇಂದ್ರ ಸರ್ಕಾರದ 2017ರ ನಿಯಮದಂತೆ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಕೊಳ್ಳುವವರು ಫೋಟೊ ನೋಡಿ ಅಡ್ವಾನ್ಸ್ ಹಾಕುವ ಬದಲು ತಾಯಿ ನಾಯಿಯನ್ನು ಎದುರಿಗೇ ನೋಡಬೇಕು. ಐದು ನಿಮಿಷ ನಡೆಸಿದ ಮೇಲೆ ಅದು ಸಲೀಸಾಗಿ ಉಸಿರಾಡುತ್ತಾ, ಮರಿಯ ಹೊಳ್ಳೆ ತೆರೆದಿದೆಯಾ ಅಂತ ಗಮನಿಸಬೇಕು.

ಪಶುವೈದ್ಯರ ಫೋನ್ ನಂಬರ್, ಭಾನುವಾರ ಮತ್ತು ರಾತ್ರಿ ತೆರೆದಿರುವ ಆಸ್ಪತ್ರೆಯ ವಿಳಾಸ ಬರೆದು ಗಲ್ಲಾಪೆಟ್ಟಿಗೆ ಹತ್ತಿರ ಅಂಟಿಸಿಟ್ಟಿರಲಿ. ಬಿಸಿಲ ಹೊಡೆತ ಬಿದ್ದಾಗ ಹುಡುಕಾಡುವಷ್ಟು ಸಮಯ ಇರುವುದಿಲ್ಲ.