ಚುಕ್ಕಿ, ಗೆರೆ ಮತ್ತು ಕಣ್ಣು

ಕಂಡುದನ್ನು ಕಂಡಂತೆ ಬರೆಯುವುದೇ ಚಿತ್ರವೆಂಬ ನಂಬಿಕೆ ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕದಲಿತು. 1915ರಲ್ಲಿ ಪೆತ್ರೋಗ್ರಾದಿನಲ್ಲಿ ಮಲೇವಿಚ್ ಎಂಬ ಚಿತ್ರಕಾರರು ಬಿಳಿಯ ನೆಲದ ಮೇಲೆ ಕರಿಯ ಚೌಕವೊಂದನ್ನು ಬರೆದು ಪ್ರದರ್ಶಿಸಿದರು. ಹಾಲೆಂಡಿನ ಮೋಂಡ್ರಿಯನ್ ನೆಟ್ಟಗೆರೆ ಅಡ್ಡಗೆರೆಗಳಿಂದಲೇ ಚಿತ್ರ ಕಟ್ಟಿದರು. ಮರ, ಮನೆ, ಮನುಷ್ಯರು ಮರೆಯಾಗಿ ಆಕಾರವೇ ವಸ್ತುವಾಯಿತು.

ಮುಂದಿನ ಹೆಜ್ಜೆ ದೃಷ್ಟಿಭ್ರಮೆಯದು. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ವಾಸರೆಲಿಯೂ ಇಂಗ್ಲೆಂಡಿನ ಬ್ರಿಜೆಟ್ ರೈಲಿಯೂ ಈ ಪಂಥದಲ್ಲಿ ಮುಖ್ಯರು. ರೈಲಿಯವರ 1961ರ ಚಿತ್ರವೊಂದರಲ್ಲಿ ಕಪ್ಪು ಬಿಳುಪಿನ ಚೌಕುಳಿಗಳಲ್ಲದೆ ಬೇರೇನೂ ಇಲ್ಲ. ಅವುಗಳ ಎತ್ತರ ಒಂದೇ. ಅಗಲ ಮಾತ್ರ ಕ್ರಮವಾಗಿ ಕಿರಿದಾಗಿ ಮತ್ತೆ ಹಿರಿದಾಗುತ್ತದೆ. ಅಷ್ಟರಿಂದಲೇ ಸಮತಲವು ಒಳಕ್ಕೆ ಮಡಿಚಿಕೊಂಡಂತೆ ತೋರುತ್ತದೆ. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದಿಂದ ಈ ಕಲೆ ಲೋಕಪ್ರಸಿದ್ಧವಾಯಿತು.

ಇದರಲ್ಲಿ ಮಾಟವೇನೂ ಇಲ್ಲ. ಕರಿಹಲಗೆಯ ಮೇಲೆ ಸಮ ಉದ್ದದ ಎರಡು ಗೆರೆಗಳನ್ನೆಳೆದು, ಒಂದರ ತುದಿಗಳಿಗೆ ಒಳಕ್ಕೆ ಮಡಿಸಿದ, ಇನ್ನೊಂದರ ತುದಿಗಳಿಗೆ ಹೊರಕ್ಕೆ ಚಾಚಿದ ರೆಕ್ಕೆಗಳನ್ನು ಹಾಕಿರಿ. ಮಕ್ಕಳಲ್ಲಿ ಹೆಚ್ಚಿನವರು ಎರಡನೆಯದೇ ಉದ್ದವೆನ್ನುವರು, ಅಳತೆಪಟ್ಟಿ ಸಮವೆನ್ನುವುದು. ಜರ್ಮನಿಯ ಮ್ಯೂಲರ್-ಲಾಯರ್ 1889ರಲ್ಲಿ ಇದನ್ನು ಪ್ರಕಟಿಸಿದರು. ನೋಟದಲ್ಲಿ ಮನಸ್ಸಿನ ಊಹೆಯೂ ಬೆರೆತಿದೆ ಎಂಬುದೇ ಇದರ ಸಾರ.

ನಮ್ಮ ಹೊಸೂರು ಕೃಷ್ಣಗಿರಿ ಸೀಮೆಯವರು ಇದನ್ನು ಪರದೇಶದ ವಿಷಯವೆಂದು ದೂರವಿಡಬೇಕಾಗಿಲ್ಲ. ಕನ್ನಡದ ರಂಗವಲ್ಲಿ, ತೆಲುಗಿನ ಮುಗ್ಗು, ತಮಿಳಿನ ಕೋಲಂ: ಹೆಸರು ಮೂರಾದರೂ ಚುಕ್ಕಿ ಒಂದೇ. ಚುಕ್ಕಿಗಳನ್ನು ಬಳಸಿ ಹೊರಟ ಎಳೆ ಹೊರಟಲ್ಲಿಗೇ ಬಂದು ಸೇರುತ್ತದೆ. ನೆಲಕ್ಕಂಟಿದ ಆ ಎಳೆಯೇ ಹೆಣೆದ ಹಗ್ಗದಂತೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯ್ದಂತೆ ಕಾಣುತ್ತದೆ. ಮದರಾಸಿನ ಗಿಫ್ಟ್ ಸಿರೋಮನಿ ಮೊದಲಾದ ವಿದ್ವಾಂಸರು 1974ರಲ್ಲಿ ಕೋಲಂ ರಚನೆಯನ್ನು ಗಣಿತದ ವ್ಯಾಕರಣವಾಗಿ ನಿರೂಪಿಸಿದರು.

ಹಾಗೆಂದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದು ಇತಿಹಾಸವೆನಿಸದು. ರಂಗವಲ್ಲಿಯ ಗುರಿ ಮಂಗಳ. ರೈಲಿಯವರ ಗುರಿ ನೋಟದ ಪರೀಕ್ಷೆ. ಬೇರುಗಳು ಬೇರೆ. ಆದರೆ ಒಂದು ಕೃತಿ ಕರ್ತೃವಿನ ಹೆಸರಿನೊಡನೆ ಗೋಡೆಯ ಮೇಲುಳಿಯಿತು. ಇನ್ನೊಂದು ಹೊತ್ತೇರುವ ಮೊದಲೇ ಕಾಲ್ತುಳಿತಕ್ಕೆ ಅಳಿಯಿತು, ಬರೆದವಳ ಹೆಸರೂ ಉಳಿಯಲಿಲ್ಲ. ಉಳಿದುದನ್ನು ಮಾತ್ರ ಎಣಿಸುವ ಕಲಾಚರಿತ್ರೆ ಅರೆಚರಿತ್ರೆ.

ಚಿತ್ರಕಾರ ಸೈಯದ್ ಹೈದರ್ ರಜಾ (1922–2016) ಬಾಲ್ಯದಲ್ಲಿ ಚಂಚಲಚಿತ್ತರಾಗಿದ್ದಾಗ, ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಗೋಡೆಯ ಮೇಲೊಂದು ಬಿಂದುವನ್ನಿಟ್ಟು ಅದನ್ನೇ ನೋಡೆಂದರಂತೆ. ದಶಕಗಳ ತರುವಾಯ ಆ ಬಿಂದುವೇ ಅವರ ಚಿತ್ರಗಳ ಕೇಂದ್ರವಾಯಿತು. ಚಿತ್ರದ ಅವಧಿಯನ್ನು ಲೆಕ್ಕಕ್ಕೆ ಬಿಟ್ಟುಕೊಡುವ ಮುನ್ನ ನಾವು ಉಪಾಧ್ಯಾಯರು ಇದನ್ನು ನೆನೆಯಬೇಕು. ಮನೆಯಂಗಳದಲ್ಲಿ ಚುಕ್ಕಿಯಿಟ್ಟು ಬಂದ ಹುಡುಗಿಯ ಬೆರಳಲ್ಲಿ ಚಿತ್ರವೂ ಲೆಕ್ಕವೂ ಆಗಲೇ ಕೂಡಿವೆ. ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಡುವುದಷ್ಟೇ ಉಳಿದಿದೆ.