ತಾರಾನಾಥರ ಮನೆಯ ಸರೋದ್

ರಾಯಚೂರು ಜಿಲ್ಲೆಯೆಂದರೆ ಬಿಸಿಲು, ಬರ, ಭತ್ತ ಎಂದಷ್ಟೇ ತಿಳಿದವರು ಬಹಳ. ದಢೇಸುಗೂರಿನ ನಮಗೂ ತುಂಗಭದ್ರೆ ಎಂದರೆ ಗದ್ದೆಗೆ ನೀರುಣಿಸುವ ಹೊಳೆ, ಅಷ್ಟೆ. ಅದೇ ಹೊಳೆ ಮುಂದೆ ಹರಿದುಹೋಗುವ ದಂಡೆಯಲ್ಲಿ ಪಂಡಿತ ತಾರಾನಾಥರು ಪ್ರೇಮಾಯತನವೆಂಬ ಆಶ್ರಮ ಕಟ್ಟಿದ್ದರು. ಅದಕ್ಕೂ ಮೊದಲು, ನಿಜಾಮರ ಆಳ್ವಿಕೆಯಲ್ಲಿ, ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದವರೂ ಅವರೇ. ವೈದ್ಯ, ಸಂಗೀತ, ನಾಟಕ ಎಲ್ಲವನ್ನೂ ಬಲ್ಲವರು.

ಅವರ ಮಗ ರಾಜೀವ ತಾರಾನಾಥರು ಹುಟ್ಟಿದ್ದು 1932ರಲ್ಲಿ, ಬೆಂಗಳೂರಿನಲ್ಲಿ. ತಂದೆಯೇ ಮೊದಲ ಗುರು. 1942ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹತ್ತು ವರ್ಷ. ತಾಯಿ ಸುಮತಿಬಾಯಿಯವರು ಸಮಾಜಸೇವೆಯಲ್ಲಿ ತೊಡಗಿದ್ದವರು. ಮನೆಯ ಯಜಮಾನ ಹೋದ ಮೇಲೂ ಆ ಮನೆಯಲ್ಲಿ ವಿದ್ಯೆ, ಸಂಗೀತ ಎರಡೂ ಉಳಿದವು ಎಂಬುದನ್ನು ನಾವು ಹೆಂಗಸರು ವಿಶೇಷವಾಗಿ ಗಮನಿಸಬೇಕು.

ರಾಜೀವರು ಮೊದಲು ಹಾಡುಗಾರರು. ಅಲಿ ಅಕ್ಬರ್ ಖಾನರ ಸರೋದ್ ಕೇಳಿದ ಮೇಲೆ ಆ ವಾದ್ಯಕ್ಕೇ ಮನಸೋತರು. ಸರೋದಿಗೆ ಸಿತಾರಿನಂತೆ ಮೆಟ್ಟಿಲುಗಳಿಲ್ಲ. ನುಣುಪಾದ ಲೋಹದ ಪಟ್ಟಿಯ ಮೇಲೆ ಉಗುರಿನಿಂದ ತಂತಿ ಒತ್ತಿ ಜಾರಿಸಬೇಕು. ಸ್ವರದ ಜಾಗ ಕಿವಿಗೆ ಮಾತ್ರ ಗೊತ್ತು. 1955ರಲ್ಲಿ ಕಲಕತ್ತೆಗೆ ಹೋಗಿ ಖಾನರ ಶಿಷ್ಯರಾದರು. ಆ ಕಲಿಕೆ 2009ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ನಡೆಯಿತು.

ನಮ್ಮ ಶಾಲೆಯಲ್ಲಿ ಚೆನ್ನಾಗಿ ಹಾಡುವ ಹುಡುಗಿಯರು ಒಂಬತ್ತನೇ ಇಯತ್ತೆಗೆ ಬರುತ್ತಲೇ ಹಾಡು ಬಿಡುತ್ತಾರೆ. ಯಾಕೆಂದು ಕೇಳಿದರೆ ತಾಯಂದಿರ ಉತ್ತರ ಒಂದೇ: "ಹಾಡಿದ್ರ ಹೊಟ್ಟಿ ತುಂಬ್ತದೇನ್ರಿ ಟೀಚರ್?" ಸುಳ್ಳು ಮಾತಲ್ಲ. ರಾಜೀವರೂ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು, ತಿರುಚಿನಾಪಳ್ಳಿ, ಹೈದರಾಬಾದುಗಳಲ್ಲಿ ಪಾಠ ಹೇಳಿದವರೇ. ಆದರೆ ಹೊಟ್ಟೆಪಾಡಿನ ನಡುವೆ ಸರೋದ್ ಬಿಡಲಿಲ್ಲ.

ಸಿನಿಮಾ ಸಂಗೀತವೆಂದರೆ ಹಾಡುಗಳೆಂದು ತಿಳಿದಿದ್ದ ಕಾಲದಲ್ಲಿ, 1970ರ 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟವರು ಅವರು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಚಿತ್ರ. ಆಮೇಲೆ ಲಂಕೇಶರ 'ಪಲ್ಲವಿ'. ಮಲಯಾಳದಲ್ಲಿ ಅರವಿಂದನ್ ಅವರ 'ಕಾಂಚನ ಸೀತಾ'. ಆ ಚಿತ್ರದಲ್ಲಿ ಸೀತೆ ಹೆಣ್ಣಿನ ರೂಪದಲ್ಲಿ ಕಾಣುವುದೇ ಇಲ್ಲ. ಗಾಳಿಯಾಗಿ, ನೀರಾಗಿ, ಗಿಡಮರವಾಗಿ ಇರುತ್ತಾಳೆ. ಮಾತಿಲ್ಲದ ಅಂಥ ಸೀತೆಯ ಇರವನ್ನು ತಿಳಿಸಲು ಸಂಗೀತವಲ್ಲದೆ ಇನ್ನೇನಿದೆ? ಗುರು ಅಲಿ ಅಕ್ಬರರೂ 1960ರಲ್ಲಿ ಸತ್ಯಜಿತ್ ರೇ ಅವರ 'ದೇವಿ'ಗೆ ಸಂಗೀತ ಕೊಟ್ಟವರು. ಶಿಷ್ಯ ಹಿಡಿದದ್ದೂ ಅದೇ ದಾರಿ.

1995ರಿಂದ 2005ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಕಲಿಸಿ, ಆಮೇಲೆ ಮೈಸೂರಿನಲ್ಲಿ ನೆಲೆಸಿದರು. 2019ರಲ್ಲಿ ಪದ್ಮಶ್ರೀ ಬಂತು. 2024ರ ಜೂನ್ 11ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ತಂದೆಯ ಹೆಸರಿನ ವಿದ್ಯಾಸಂಸ್ಥೆ ರಾಯಚೂರಿನಲ್ಲಿದೆ. ಅಲ್ಲಿ ಓದಿದ ನಮ್ಮೂರ ಮಕ್ಕಳಿಗೂ ಮಗನ ಸರೋದಿನ ಸುದ್ದಿ ಗೊತ್ತಿಲ್ಲ. ಮಗಳಿಗೆ ನೌಕರಿಯೂ ಬೇಕು, ನಿಜ. ಆದರೆ ಸಂಜೆಯ ಅರ್ಧ ತಾಸು ಹಾಡನ್ನು ಅವಳಿಂದ ಕಸಿದುಕೊಂಡರೆ ಯಾರ ಹೊಟ್ಟೆ ತುಂಬೀತು, ಹೇಳಿ?